ಒಂಬತ್ತನೇ ಕಾಲಂನಲ್ಲಿ ಅವ್ವನ ಹೆಸರು

ಹೋದ ಗುರುವಾರ ನಮ್ಮ ಹೊಲದ ಪಹಣಿಯಲ್ಲಿ ಅವ್ವನ ಹೆಸರು ಬಂತು. ನನ್ನ ಅಂಗಡಿಯಲ್ಲೇ ಪ್ರಿಂಟ್ ತೆಗೆದೆ. ಜಗಳೂರಿನಲ್ಲಿ ಜೆರಾಕ್ಸ್, ಆನ್‌ಲೈನ್ ಅರ್ಜಿ, ಲ್ಯಾಮಿನೇಷನ್ ಮಾಡುವ ಸಣ್ಣ ಅಂಗಡಿ ನನ್ನದು. ದಿನಕ್ಕೆ ಎಷ್ಟೋ ಜನರಿಗೆ ಪಹಣಿ ತೆಗೆದುಕೊಡುತ್ತೇನೆ. ಈ ಒಂದನ್ನು ಮಾತ್ರ ನಿಂತುಕೊಂಡು ಎರಡು ಸಲ ಓದಿದೆ. ಮಾಲೀಕರ ಹೆಸರು ಬರೆಯುವ ಒಂಬತ್ತನೇ ಕಾಲಂನಲ್ಲಿ ಇಪ್ಪತ್ತೆಂಟು ವರ್ಷದ ಹಿಂದೆ ತೀರಿಕೊಂಡ ಅಜ್ಜನ ಹೆಸರಿತ್ತಲ್ಲ, ಅಲ್ಲಿ ಈಗ ಅವ್ವನ ಹೆಸರು. ಅದರ ಮುಂದೆ 3 ಎಕರೆ 10 ಗುಂಟೆ.

ಇದನ್ನು ಬರೆಯೋಣ ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಹೆಸರು ಬರಲಿ ಅಂತ ಕಾಯ್ತಾ ಇದ್ದೆ.

2023ರ ಮುಂಗಾರು ನೆನಪಿದೆ ಅಲ್ವಾ? ಜೂನ್‌ನಲ್ಲಿ ಮಳೆ ಕೈಕೊಟ್ಟಿತು. ಮೃಗಶಿರ ಸುಮ್ನೆ ಹೋಯಿತು. ಜುಲೈನಲ್ಲಿ ಪುನರ್ವಸು ಮಳೆ ಹಿಡಿಯಿತು. ಅವ್ವ ಕಿವಿಯ ಓಲೆ ಅಡವಿಟ್ಟು ಬೀಜ, ಗೊಬ್ಬರ ತಂದು ಮೆಕ್ಕೆಜೋಳ ಬಿತ್ತಿದಳು. ಎಕರೆಗೆ ನಾಲ್ಕು ಕೆ.ಜಿ.ಯ ಎರಡು ಬೀಜದ ಪಾಕೀಟು. ಡಿಎಪಿ ಚೀಲ 1,350 ರೂಪಾಯಿ. ಟ್ರ್ಯಾಕ್ಟರ್ ಬಾಡಿಗೆ, ಬಿತ್ತನೆ ಕೂಲಿ, ಎಡೆ ಹೊಡೆಸಿದ್ದು, ಕಳೆ ತೆಗೆಸಿದ್ದು, ಎಲ್ಲವನ್ನೂ ಗೋಡೆಯ ಕ್ಯಾಲೆಂಡರ್ ಹಿಂದೆ ಬರೆದಿಡುವುದು ಅವಳ ರೂಢಿ. ಮೂರೂಕಾಲು ಎಕರೆಗೆ ಒಟ್ಟು 41,000 ಆಗಿತ್ತು. ಅದರಲ್ಲಿ ಅವಳ ಮೈಮುರಿದ ಕೂಲಿ ಸೇರಿಲ್ಲ. ಅದನ್ನು ಅವಳು ಯಾವತ್ತೂ ಬರೆದವಳಲ್ಲ.

ಪುಷ್ಯ ಮಳೆಗೆ ಪೈರು ಎದ್ದು ನಿಂತಿತು. ಆಮೇಲೆ ಆಗಸ್ಟ್ ಬಂತು. 1901ರಿಂದ ಈಚೆಗೆ ದೇಶದಲ್ಲಿ ಅಷ್ಟು ಒಣ ಆಗಸ್ಟ್ ಬಂದೇ ಇರಲಿಲ್ಲ. ಆಶ್ಲೇಷ ಇಲ್ಲ, ಮಘೆ ಇಲ್ಲ. ಮಧ್ಯಾಹ್ನ ಎಲೆಗಳು ಸುರುಳಿ ಸುತ್ತಿಕೊಂಡು ನಿಲ್ಲುತ್ತಿದ್ದವು. ಬೆಳಗಿನ ಜಾವ ಇಬ್ಬನಿಗೆ ಮತ್ತೆ ಸ್ವಲ್ಪ ಬಿಚ್ಚಿಕೊಳ್ಳುತ್ತಿದ್ದವು. ಅಷ್ಟರಲ್ಲೇ ಜೀವ ಹಿಡಿದಿದ್ದವು.

ಸೆಪ್ಟೆಂಬರ್ ಕೊನೆಯ ಒಂದು ಭಾನುವಾರ ಊರಿಗೆ ಹೋಗಿದ್ದೆ. ಜಗಳೂರಿನಿಂದ ಹತ್ತು ಕಿಲೋಮೀಟರ್. ಬಸ್ಸಿನಿಂದ ಇಳಿದು ರಸ್ತೆಯಲ್ಲಿ ನಿಂತು ನೋಡಿದರೆ ಹೊಲ ಹಸಿರಾಗಿಯೇ ಇತ್ತು. ಪರವಾಗಿಲ್ಲ, ಏನಾದರೂ ಕೈಗೆ ಬರುತ್ತೆ ಅಂದುಕೊಂಡೆ. ಅವ್ವ ಏನೂ ಮಾತಾಡಲಿಲ್ಲ. ಸಾಲಿನೊಳಗೆ ಹೋಗಿ ಒಂದು ತೆನೆ ಮುರಿದುಕೊಂಡು ಬಂದಳು. ನನ್ನ ಮುಂದೆಯೇ ಸಿಪ್ಪೆ ಬಿಚ್ಚಿದಳು. ಒಂದು ಪದರ, ಎರಡು, ಮೂರು. ಒಳಗೆ ಬೆರಳುದ್ದದ ಬಿಳಿ ಬೆಂಡು. ಬುಡದಲ್ಲಿ ಮಾತ್ರ ಕಾಳು. ಎಣಿಸಿದೆ, ಹನ್ನೊಂದು. ಮೇಲೆಲ್ಲ ಹಲ್ಲು ಬಿದ್ದ ವಸಡಿನ ಹಾಗೆ ಖಾಲಿ. ಇನ್ನೊಂದು ತೆನೆ ಮುರಿದಳು. ಅದರಲ್ಲಿ ಅಷ್ಟೂ ಇರಲಿಲ್ಲ.

ಇದಕ್ಕೆ ಆ ವರ್ಷ ಸರ್ಕಾರದವರು "ಹಸಿರು ಬರ" ಅಂದರು. ಸರಿಯಾದ ಮಾತು. ಬರ ಅಂತ ಘೋಷಣೆ ಮಾಡಲು ಮಳೆ ಕೊರತೆ ನೋಡುತ್ತಾರೆ, ಬಿತ್ತನೆ ಎಷ್ಟಾಗಿದೆ ನೋಡುತ್ತಾರೆ, ಮಣ್ಣಿನ ತೇವ ನೋಡುತ್ತಾರೆ, ಉಪಗ್ರಹದ ಚಿತ್ರದಲ್ಲಿ ಹಸಿರು ಎಷ್ಟಿದೆ ಅಂತಲೂ ನೋಡುತ್ತಾರೆ. ಆ ಹಸಿರೇ ನಮಗೆ ಮೋಸ ಮಾಡಿದ್ದು. ಮೇಲಿನಿಂದ ನೋಡಿದರೆ ಸಿಪ್ಪೆಯ ಒಳಗೆ ಏನಿದೆ ಅಂತ ಗೊತ್ತಾಗಲ್ಲ. ಅದಕ್ಕೇ ಕೊನೆಗೆ ಕೆಲವು ಹಳ್ಳಿಗಳನ್ನು ಆರಿಸಿ, ಕಂದಾಯ ಇಲಾಖೆಯವರೂ ಕೃಷಿ ಇಲಾಖೆಯವರೂ ಸೇರಿ ಹೊಲಕ್ಕೇ ಬಂದು ನೋಡಬೇಕು. ನೂರಕ್ಕೆ 33 ಭಾಗವೋ ಅದಕ್ಕಿಂತ ಜಾಸ್ತಿಯೋ ಬೆಳೆ ಹೋಗಿದ್ದರೆ ಮಾತ್ರ ಪರಿಹಾರ. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತಾದವು. ಅದರಲ್ಲಿ ನಮ್ಮ ಜಗಳೂರೂ ಒಂದು. ನಮ್ಮ ತಾಲ್ಲೂಕಿಗೆ ಬರ ಹೊಸದೇನಲ್ಲ.

ಆಮೇಲೆ ದುಡ್ಡಿಗಾಗಿ ಕಾಯುವುದು. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಮೊದಲ ಕಂತು ಅಂತ ಒಬ್ಬ ರೈತರಿಗೆ ಹೆಚ್ಚೆಂದರೆ 2,000 ರೂಪಾಯಿ ಹಾಕಲು ಶುರು ಮಾಡಿತು. ಉಳಿದಿದ್ದಕ್ಕೆ ಕೇಂದ್ರದ ಕಡೆ ನೋಡಬೇಕು. ರಾಜ್ಯ ಕೇಳಿದ್ದು 18,171 ಕೋಟಿ. ತಿಂಗಳುಗಟ್ಟಲೆ ಪತ್ರ ಓಡಾಡಿತು. ಮಾರ್ಚ್‌ನಲ್ಲಿ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ ಕೊನೆಗೆ 3,454 ಕೋಟಿ ಬಿಡುಗಡೆ ಆಯಿತು. ನಮ್ಮ ತಾಲ್ಲೂಕಿನವರ ಖಾತೆಗೆ ದುಡ್ಡು ಬೀಳತೊಡಗಿದ್ದು ಮೇ ತಿಂಗಳಲ್ಲಿ. ಅಷ್ಟರಲ್ಲಿ ಆ ಬೆಳೆಯ ದಂಟನ್ನು ದನ ತಿಂದು ಮುಗಿಸಿದ್ದವು. ಮುಂದಿನ ಬಿತ್ತನೆಗೆ ಹೊಲ ಹರಗುವ ಕಾಲ ಬಂದಿತ್ತು.

ಎಷ್ಟು ದುಡ್ಡು ಅಂತ ಅಂಗಡಿಗೆ ಬಂದವರೆಲ್ಲ ಕೇಳುತ್ತಿದ್ದರು. ಆಗಿನ ಲೆಕ್ಕ ಹೀಗಿತ್ತು. ಮಳೆ ಆಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ. ನೀರಾವರಿಗೆ 17,000. ಅಡಿಕೆ, ತೆಂಗಿನಂಥ ಬಹುವಾರ್ಷಿಕ ಬೆಳೆಗೆ 22,500. ಅದೂ ಎರಡು ಹೆಕ್ಟೇರಿನವರೆಗೆ ಮಾತ್ರ. ಹೆಕ್ಟೇರ್ ಅಂದರೆ ನಮ್ಮ ಲೆಕ್ಕದಲ್ಲಿ ಎರಡು ಎಕರೆ ಹತ್ತೊಂಬತ್ತು ಗುಂಟೆ ಹತ್ತಿರ. ಹಾಗಾಗಿ ಒಂದು ಗುಂಟೆಗೆ 86 ರೂಪಾಯಿ ಬೀಳುತ್ತದೆ. 33 ಅಡಿ ಉದ್ದ, 33 ಅಡಿ ಅಗಲದ ಜಾಗಕ್ಕೆ 86 ರೂಪಾಯಿ. ಅವ್ವನ ಮೂರೂಕಾಲು ಎಕರೆಗೆ ಸುಮಾರು 11,180 ಆಗಬೇಕು. ಖರ್ಚು 41,000.

ಕಡಿಮೆಯೇ. ಆದರೆ ನಿಯಮದಲ್ಲಿ ಇದನ್ನು ನಷ್ಟ ತುಂಬಿಕೊಡುವ ದುಡ್ಡು ಅಂತ ಕರೆದೇ ಇಲ್ಲ. "ಇನ್‌ಪುಟ್ ಸಬ್ಸಿಡಿ" ಅಂತ ಕರೆದಿದ್ದಾರೆ. ಮುಂದಿನ ಸಲ ಬೀಜ, ಗೊಬ್ಬರ ತರಲು ಒಂದು ಕೈ ಆಸರೆ, ಅಷ್ಟೇ. ಹಾಗಂತ ಈ ದರ ಕಲ್ಲಿನಲ್ಲಿ ಕೊರೆದಿದ್ದೂ ಅಲ್ಲ. 2021ರಲ್ಲಿ ಅಕಾಲಿಕ ಮಳೆಗೆ ಬೆಳೆ ಹೋದಾಗ ಹೆಕ್ಟೇರಿಗೆ ಆಗ ಇದ್ದ 6,800ಕ್ಕೆ ರಾಜ್ಯ ತನ್ನದೂ 6,800 ಸೇರಿಸಿ 13,600 ಕೊಟ್ಟಿತ್ತು. 2025ರಲ್ಲಿ ಕಲಬುರಗಿ ಕಡೆ ನೆರೆ ಬಂದಾಗಲೂ ಹೆಕ್ಟೇರಿಗೆ 8,500 ಜಾಸ್ತಿ ಕೊಡುತ್ತೇವೆ ಅಂತ ಘೋಷಿಸಿದರು. ಮನಸ್ಸು ಮಾಡಿದರೆ ಆಗುತ್ತೆ. ನೆರೆಗೆ ಆಗುವುದು ಬರಕ್ಕೂ ಆಗಬೇಕು ಅನ್ನುವುದು ನನ್ನ ಮಾತು. ನೆರೆ ಫೋಟೊದಲ್ಲಿ ಕಾಣುತ್ತೆ. ಬರ ಕಾಣಬೇಕಾದರೆ ತೆನೆ ಬಿಚ್ಚಬೇಕು.

ಆ ಮೇ ತಿಂಗಳು ನನ್ನ ಅಂಗಡಿ ಮುಂದೆ ಬೆಳಿಗ್ಗೆ ಎಂಟಕ್ಕೇ ಜನ. "ತಂಗೀ, ನಮ್ದು ಬಂದೈತಾ ನೋಡವ್ವ." ಪರಿಹಾರದ ಪುಟ ತೆರೆದು ವರ್ಷ, ಮುಂಗಾರು, ಬರ ಅಂತ ಆರಿಸಿ ಆಧಾರ್ ನಂಬರ್ ಹಾಕಬೇಕು. ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ಅಥವಾ ಸರ್ವೆ ನಂಬರ್ ಹಾಕಿದರೂ ಆಗುತ್ತೆ. ಸರ್ವರ್ ನಿಧಾನ. ಮುಂದೆ ಕೂತವರು ಪರದೆಯನ್ನು ನೋಡುವುದಿಲ್ಲ, ನನ್ನ ಮುಖ ನೋಡುತ್ತಾರೆ. ಅದು ಕಷ್ಟ.

ಒಬ್ಬರಿಗೆ ದುಡ್ಡು ಬಂದಿದೆ, ಆದರೆ ಯಾವ ಖಾತೆಗೆ ಅಂತ ಅವರಿಗೆ ಗೊತ್ತಿಲ್ಲ. ಯಾವತ್ತೋ ಗ್ಯಾಸ್ ಸಬ್ಸಿಡಿಗೆ ಅಂತ ತೆರೆದ ಖಾತೆಗೆ ಆಧಾರ್ ಜೋಡಣೆಯಾಗಿ ಅಲ್ಲೇ ಉಳಿದಿದೆ. ಈ ದುಡ್ಡು ನೀವು ಕೊಟ್ಟ ಪಾಸ್‌ಬುಕ್ಕಿಗೆ ಹೋಗುವುದಿಲ್ಲ. ಬ್ಯಾಂಕುಗಳ ಪಾವತಿ ನೋಡಿಕೊಳ್ಳುವ ಸಂಸ್ಥೆಯಾದ ಎನ್‌ಪಿಸಿಐನಲ್ಲಿ ಆಧಾರ್ ಯಾವ ಖಾತೆಗೆ ಕೊನೆಯದಾಗಿ ಜೋಡಿಸಿದೆಯೋ ಅಲ್ಲಿಗೆ ಹೋಗುತ್ತದೆ. ಇನ್ನೊಬ್ಬರ ಹೆಸರು ಪಹಣಿಯಲ್ಲಿ ಒಂಥರ, ಆಧಾರ್‌ನಲ್ಲಿ ಒಂಥರ. ಅಮ್ಮ ಅಂತಿದ್ದಿದ್ದು ಅವ್ವ ಅಂತಾಗಿದೆ, ಅಷ್ಟೇ ತಪ್ಪು. ಮತ್ತೊಬ್ಬರಿಗೆ 9,000 ಬಂದಿತ್ತು, ಬ್ಯಾಂಕಿನವರು ಹಳೇ ಸಾಲಕ್ಕೆ ಹಿಡಿದುಕೊಂಡಿದ್ದರು. ಹಾಗೆ ಹಿಡಿಯಬಾರದು ಅಂತ ಸರ್ಕಾರವೇ ಹೇಳಿತ್ತು. ಅರ್ಜಿ ಬರೆದುಕೊಟ್ಟೆ, ಮೂರು ಸಲ ಹೋದ ಮೇಲೆ ವಾಪಸ್ ಹಾಕಿದರು. ಬೆಳೆ ವಿಮೆ ದುಡ್ಡೂ ಇದೂ ಒಂದೇ ಅಂದುಕೊಂಡವರೂ ಬಹಳ. ಅದು ಬೇರೆ. ವಿಮೆಗೆ ಮುಂಗಾರಿನ ಮೆಕ್ಕೆಜೋಳದಂಥ ಬೆಳೆಗೆ ವಿಮಾ ಮೊತ್ತದ ನೂರಕ್ಕೆ ಎರಡು ರೂಪಾಯಿ ಕಂತು ನಾವೇ ಕಟ್ಟಿರಬೇಕು.

ಒಂದು ಬುಧವಾರ ಅವ್ವ ಬಂದಳು. ಹೇಳದೆ ಕೇಳದೆ ಬೆಳಗಿನ ಬಸ್ಸಿಗೆ ಬಂದುಬಿಟ್ಟಿದ್ದಳು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರಲ್ಲಿ ಅಜ್ಜನ ಹೆಸರಿನ ಪಹಣಿ. ಬೇರೆಯವರ ಹಾಗೆ ಪಾಳಿಯಲ್ಲೇ ನಿಂತಿದ್ದಳು. ನಾನು ತಲೆ ಎತ್ತಿ ನೋಡಿದಾಗ ಅವಳ ಮುಂದೆ ಇನ್ನೂ ಇಬ್ಬರಿದ್ದರು.

ಬಂದಿರಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು. ದಿನಾ ಇದೇ ಕೆಲಸ ಮಾಡುವವಳಿಗೆ ಗೊತ್ತಿಲ್ಲದೆ ಇರುತ್ತಾ? ಜನವರಿಯ 2,000ವೂ ಬಂದಿರಲಿಲ್ಲ. ಆದರೂ ಅವ್ವನಿಗೆ ಹೇಳಲು ಬಾಯಿ ಬಂದಿರಲಿಲ್ಲ. ಸರ್ವೆ ನಂಬರ್ ಹಾಕಿದೆ. ನಮ್ಮದಕ್ಕೆ ಏನೂ ಬರಲಿಲ್ಲ. "ಪಕ್ಕದ್ದು ಹಾಕಿ ನೋಡು" ಅಂದಳು. ಹಾಕಿದೆ. ಬಂತು. ಹೆಸರು, ಮೊತ್ತ, ಖಾತೆಗೆ ಜಮಾ ಆಗಿದೆ ಅಂತ.

"ಬದುವಿನ ಆ ಕಡಿಗೆ ಬಂದೈತೆ. ಈ ಕಡಿಗೆ ಯಾಕ್ ಬಂದಿಲ್ಲ?"

"ಹೊಲ ಇನ್ನೂ ಅಜ್ಜನ ಹೆಸರಲ್ಲೇ ಐತವ್ವ."

"ನಿಮ್ಮಜ್ಜ ಇಲ್ಲ ಅಂತ ಊರಿಗೆಲ್ಲ ಗೊತ್ತೈತಲ್ಲ."

ಊರಿಗೆ ಗೊತ್ತು. ಕಂಪ್ಯೂಟರಿಗೆ ಗೊತ್ತಿಲ್ಲ. ಪರಿಹಾರ ಬರಬೇಕಾದರೆ ಸರ್ಕಾರದ ರೈತ ನೋಂದಣಿ ಪಟ್ಟಿಯಾದ ಫ್ರೂಟ್ಸ್‌ನಲ್ಲಿ ಎಫ್‌ಐಡಿ ಇರಬೇಕು. ಎಫ್‌ಐಡಿ ಬೇಕಾದರೆ ಪಹಣಿಯಲ್ಲಿರುವವರ ಆಧಾರ್ ಬೇಕು. ನಮ್ಮ ಅಜ್ಜ ಆಧಾರ್ ಅನ್ನುವ ಮಾತು ಹುಟ್ಟುವ ಮೊದಲೇ ಹೋದವರು. ಅಪ್ಪ ಬದುಕಿದ್ದಾಗ "ಮಾಡಿಸೋಣ, ಮಾಡಿಸೋಣ" ಅಂತಲೇ ಇದ್ದರು. ಅವರೂ 2019ರಲ್ಲಿ ಹೋದರು. ಅಲ್ಲಿಂದ ಹೊಲ ಮಾಡುತ್ತಿರುವುದು ಅವ್ವ ಒಬ್ಬಳೇ. ಪಹಣಿಯ ಪ್ರಕಾರ ಆ ಹೊಲಕ್ಕೂ ಅವಳಿಗೂ ಸಂಬಂಧವೇ ಇಲ್ಲ.

ಅವತ್ತು ಅವಳು ಅಳಲಿಲ್ಲ. ಕವರು ಮಡಚಿ ಸೆರಗಿನೊಳಗೆ ಇಟ್ಟುಕೊಂಡು, ಹನ್ನೆರಡರ ಬಸ್ಸಿಗೆ ಹೋಗುತ್ತೇನೆ ಅಂದಳು. ಊಟ ಮಾಡಿಕೊಂಡು ಹೋಗು ಅಂದರೂ ನಿಲ್ಲಲಿಲ್ಲ. ನನಗೆ ಇಡೀ ದಿನ ಕೆಲಸದ ಮೇಲೆ ಗಮನ ಇರಲಿಲ್ಲ.

ಪಹಣಿಯನ್ನು ಯಾವತ್ತಾದರೂ ಪೂರ್ತಿ ಓದಿದ್ದೀರಾ? ನಮ್ಮಲ್ಲಿ ಬಹಳ ಜನ ಸರ್ವೆ ನಂಬರ್, ಹೆಸರು, ವಿಸ್ತೀರ್ಣ ನೋಡಿ ಮಡಚಿಡುತ್ತಾರೆ. ಒಂಬತ್ತನೇ ಕಾಲಂನಲ್ಲಿ ಮಾಲೀಕರ ಹೆಸರು. ಹನ್ನೊಂದರಲ್ಲಿ ಸಾಲ, ಋಣ. ಹನ್ನೆರಡರಲ್ಲಿ ಸಾಗುವಳಿ ಮಾಡುವವರು ಯಾರು, ಯಾವ ವರ್ಷ ಏನು ಬೆಳೆದರು ಅನ್ನುವುದು. ಅಂದರೆ ಹೊಲ ಯಾರದು ಅನ್ನುವುದು ಬೇರೆ, ಬಿತ್ತುವವರು ಯಾರು ಅನ್ನುವುದು ಬೇರೆ ಅಂತ ಆ ಹಾಳೆ ಮಾಡಿದವರಿಗೆ ಗೊತ್ತಿತ್ತು. ಎರಡಕ್ಕೂ ಬೇರೆ ಬೇರೆ ಜಾಗ ಇಟ್ಟಿದ್ದಾರೆ. ಬೆಳೆ ಹೋದಾಗ ನಷ್ಟ ಆಗುವುದು ಹನ್ನೆರಡನೇ ಕಾಲಂನವರಿಗೆ. ದುಡ್ಡು ಹೋಗುವುದು ಒಂಬತ್ತನೇ ಕಾಲಂನವರಿಗೆ. ನನಗೆ ಈ ವಿಷಯದಲ್ಲಿ ಹೇಳಬೇಕಾಗಿರುವುದೇ ಇದು.

ನಮ್ಮದಾದರೂ ಮನೆತನದ ಹೊಲ, ಇವತ್ತಲ್ಲ ನಾಳೆ ಹೆಸರು ಬರುತ್ತೆ. ಗುತ್ತಿಗೆಗೋ, ಬೆಳೆ ಹಂಚಿಕೊಳ್ಳುವ ಕೋರಿಗೋ ಮಾಡುವವರ ಪಾಡು ಏನು? ನನ್ನ ಅಂಗಡಿಗೆ ಬರುವ ಒಬ್ಬ ಅಣ್ಣ ಇದ್ದಾರೆ. ಹತ್ತು ವರ್ಷದಿಂದ ಬೇರೆಯವರ ಐದು ಎಕರೆ ಮಾಡುತ್ತಾರೆ. ಮಾಲೀಕರು ಬೆಂಗಳೂರಿನಲ್ಲಿದ್ದಾರೆ. 2023ರಲ್ಲಿ ಬೀಜ ಇವರದು, ಗೊಬ್ಬರ ಇವರದು, ಸಾಲ ಇವರದು. ಎರಡು ಹೆಕ್ಟೇರಿನ ಮಿತಿ ಅಂದರೆ 17,000 ರೂಪಾಯಿ. ಎರಡು ಕಂತೂ ಸೇರಿ ಅಷ್ಟೂ ಮಾಲೀಕರ ಖಾತೆಗೆ ಹೋಯಿತು. "ಅವರು ಒಳ್ಳೇರವ್ವ, ಕರೆದು ಐದು ಸಾವಿರ ಕೊಟ್ರು" ಅಂದರು. ಆ ಅಣ್ಣನ ದನಿಯಲ್ಲಿ ಸಿಟ್ಟಿರಲಿಲ್ಲ. ನನಗೇ ಸಿಟ್ಟು ಬಂತು.

ಕಾಗದದಲ್ಲಿ ಬರೆಸಿಕೊಳ್ಳಿ ಅನ್ನೋಣ ಅಂದರೆ ಅದೂ ಆಗಲ್ಲ. ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ, ಭೂ ಸುಧಾರಣೆ ಕಾನೂನು ಬಿಗಿಯಾಯಿತು. ಉಳುವವನೇ ಹೊಲದೊಡೆಯ ಅಂತ ಎಷ್ಟೋ ಮನೆಗಳಿಗೆ ಭೂಮಿ ಸಿಕ್ಕಿತು. ನಮ್ಮ ಅವ್ವನ ತವರಿಗೂ ಹಾಗೇ ಸಿಕ್ಕಿದ್ದು, ಅಂದಿನವರು ಫಾರಂ ನಂಬರ್ 7 ಹಾಕಿ ಪಡೆದ ಹೊಲ. ಆ ಕಾನೂನಿನ ಮೇಲೆ ನನಗೆ ಗೌರವ ಇದೆ. ಆದರೆ ಅದೇ ಕಾನೂನಿನಲ್ಲಿ ಹೊಲ ಗುತ್ತಿಗೆ ಕೊಡುವುದಕ್ಕೇ ಸಾಮಾನ್ಯವಾಗಿ ಅವಕಾಶ ಇಲ್ಲ. ಹಾಗಾಗಿ ಈಗಿನ ಗುತ್ತಿಗೆ ಎಲ್ಲ ಬಾಯಿಮಾತು. ಸಾಗುವಳಿದಾರರ ಹೆಸರು ಪಹಣಿಯಲ್ಲಿ ಬಂದರೆ ಹೊಲವೇ ಕೈತಪ್ಪುತ್ತೆ ಅಂತ ಮಾಲೀಕರಿಗೆ ಹೆದರಿಕೆ. ಹೆಸರು ಬರೆಸಿ ಅಂದರೆ ಮುಂದಿನ ವರ್ಷ ಹೊಲ ಕೊಡಲ್ಲ ಅಂತ ಇವರಿಗೆ ಹೆದರಿಕೆ.

ಬಿತ್ತಿದವರನ್ನು ಗುರುತಿಸುವುದು ಅಷ್ಟು ಕಷ್ಟವಾ? ಬೆಳೆ ಸಮೀಕ್ಷೆಗೆ ಪ್ರತಿ ಹಂಗಾಮಿನಲ್ಲೂ ಸರ್ವೆ ನಂಬರ್ ಹಿಡಿದು ಹೊಲಕ್ಕೇ ಹೋಗಿ ಫೋಟೊ ತೆಗೆಯುತ್ತಾರೆ. ನಮ್ಮ ಹೊಲಕ್ಕೂ ಊರಿನ ಒಬ್ಬ ಹುಡುಗ ಬಂದು, ಬದುವಿನ ಮೇಲೆ ನಿಂತು ಮೆಕ್ಕೆಜೋಳದ ಫೋಟೊ ತೆಗೆದುಕೊಂಡು ಹೋಗಿದ್ದ. ಅವ್ವ ಅಲ್ಲೇ ಕಳೆ ಕೀಳುತ್ತಿದ್ದಳು. ಆ ಹೊಲದಲ್ಲಿ ಬಿತ್ತನೆ ಆಗಿದೆ ಅನ್ನುವುದು ಸರ್ಕಾರದ ದಾಖಲೆಯಲ್ಲೇ ಇದೆ. ಯಾರು ಬಿತ್ತಿದರು ಅನ್ನುವುದು ಮಾತ್ರ ಇಲ್ಲ. ಅದೇ ಹೊತ್ತಿನಲ್ಲಿ ಅವಳ ಆಧಾರ್ ನಂಬರನ್ನೂ ಬರೆದುಕೊಂಡಿದ್ದರೆ? ಆಚೀಚೆ ಹೊಲದ ಇಬ್ಬರ ಸಾಕ್ಷಿ ಹಾಕಿಸಿ, ಗ್ರಾಮ ಆಡಳಿತಾಧಿಕಾರಿ ಒಂದು ಮಹಜರು ಬರೆದರೆ? ಇದರಿಂದ ಹೊಲದ ಹಕ್ಕು ಬರಲ್ಲ, ಆ ಹಂಗಾಮಿನ ಪರಿಹಾರಕ್ಕೆ ಮಾತ್ರ ಅಂತ ಬೇಕಾದರೆ ಅದರಲ್ಲೇ ಬರೆಯಲಿ. ಸತ್ತವರ ಹೆಸರಿನ ಪಹಣಿಗಾದರೂ ಇದನ್ನು ಮೊದಲು ಮಾಡಬೇಕು. ಪಹಣಿಗೆ ಆಧಾರ್ ಜೋಡಿಸಲು ಹೊರಟಾಗ ರಾಜ್ಯದಲ್ಲಿ ಲಕ್ಷಗಟ್ಟಲೆ ಪಹಣಿ ಹೀಗೇ ಇವೆ ಅಂತ ಗೊತ್ತಾಗಿದೆ. ಅಷ್ಟೂ ಹೊಲಗಳಲ್ಲಿ ಯಾರೋ ಬೆವರು ಸುರಿಸುತ್ತಿದ್ದಾರೆ.

ಇನ್ನು ನಮ್ಮ ಪೌತಿ ಖಾತೆ, ಅಂದರೆ ತೀರಿಕೊಂಡವರ ಹೊಲವನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ಆವತ್ತು ಅವ್ವ ಬಸ್ ಹತ್ತಿದ ಮೇಲೆ ಶುರು ಮಾಡಿದ್ದು, ಒಂದೂವರೆ ವರ್ಷ ಹತ್ತಿರ ಹಿಡಿಯಿತು. ಅಜ್ಜ ಹೋಗಿದ್ದು 1997ರಲ್ಲಿ. ಜಗಳೂರು ಚಿತ್ರದುರ್ಗ ಜಿಲ್ಲೆ ಬಿಟ್ಟು ಹೊಸ ದಾವಣಗೆರೆ ಜಿಲ್ಲೆಗೆ ಸೇರಿದ ವರ್ಷ. ಅವರ ಸಾವು ಎಲ್ಲೂ ದಾಖಲಾಗಿರಲಿಲ್ಲ. ವಕೀಲರನ್ನು ಹಿಡಿದು ಆದೇಶ ತಂದ ಮೇಲೇ ಮರಣ ಪ್ರಮಾಣ ಪತ್ರ ಸಿಕ್ಕಿದ್ದು. ಆಮೇಲೆ ವಂಶವೃಕ್ಷ. ಒಂದು ಕಚೇರಿಯಲ್ಲಿ ಕಡತವೇ ಕಾಣಿಸುತ್ತಿಲ್ಲ ಅಂದರು. ನನ್ನ ಹತ್ತಿರ ಎಲ್ಲದರ ಜೆರಾಕ್ಸ್ ಇತ್ತು, ಮತ್ತೆ ಕೊಟ್ಟೆ. ಚಿಕ್ಕಪ್ಪನದೂ 3 ಎಕರೆ 10 ಗುಂಟೆ, ಅವರಿಗೂ ಪರಿಹಾರ ಬಂದಿರಲಿಲ್ಲ. ಹಾಗಾಗಿ ಅವರೂ ಜೊತೆಗೆ ಓಡಾಡಿದರು. ನಾನೂ ತಮ್ಮನೂ ಅವ್ವನ ಹೆಸರಿಗೆ ಒಪ್ಪಿಗೆ ಬರೆದುಕೊಟ್ಟೆವು.

ಅತ್ತೆಯ ವಿಷಯ ಮಾತ್ರ ನನ್ನ ಮನಸ್ಸಿನಲ್ಲಿ ಇನ್ನೂ ಕೂತಿದೆ. ಅಜ್ಜನ ಮಗಳು, ಅವರಿಗೂ ಸಮಪಾಲು ಇದೆ. ಅದನ್ನು ನಾನೇ ಫೋನ್ ಮಾಡಿ ಬಿಡಿಸಿ ಹೇಳಿದೆ. "ನಂಗ್ಯಾಕವ್ವ ಹೊಲ. ನಿಮ್ಮವ್ವ ದುಡಿದಾಳೆ, ಆಕಿ ಹೆಸರಿಗೆ ಮಾಡಸ್ರಿ. ವರ್ಷಕ್ಕೊಮ್ಮೆ ಕರೀರಿ, ಸಾಕು" ಅಂದರು. ಬಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ, ಅವ್ವ ಉಡಿ ತುಂಬಿದ್ದನ್ನು ತೆಗೆದುಕೊಂಡು ಹೋದರು. ಒಬ್ಬ ಹೆಂಗಸಿನ ಹೆಸರು ಬರೆಸಲು ಇನ್ನೊಬ್ಬ ಹೆಂಗಸು ತನ್ನ ಪಾಲು ಬಿಡಬೇಕಾಯಿತಲ್ಲ ಅಂತ ನನಗೆ ಸಂಕಟ ಆಗುತ್ತೆ. ತನಗೆ ಸಂಕಟ ಆಗಲಿಲ್ಲ ಅಂತ ಅತ್ತೆ ಹೇಳಿದ್ದನ್ನು ನಾನು ಪೂರ್ತಿ ನಂಬಿಲ್ಲ.

ಅಜ್ಜನ ಹೆಸರಿನಲ್ಲೇ ಪಹಣಿ ಇರುವವರು ಈ ಬರಹ ಓದುತ್ತಿದ್ದರೆ ಬರ ಬರುವವರೆಗೆ ಕಾಯಬೇಡಿ. ಮರಣ ಪ್ರಮಾಣ ಪತ್ರ ಇದೆಯಾ ಅಂತ ಇವತ್ತೇ ಹುಡುಕಿ. ಇಲ್ಲದಿದ್ದರೆ ಅದೇ ಮೊದಲ ಕೆಲಸ. ಮಿಕ್ಕ ಕಾಗದ ಎಲ್ಲ ಅದರ ಹಿಂದೆ ಬರುತ್ತೆ. ಹೆಣ್ಣುಮಕ್ಕಳನ್ನು ವಂಶವೃಕ್ಷದಲ್ಲಿ ಬಿಡಬೇಡಿ, ಬಿಟ್ಟರೆ ತಪ್ಪು. ಕಚೇರಿಗೆ ಕೊಡುವ ಪ್ರತಿ ಕಾಗದದ ಜೆರಾಕ್ಸ್ ಇಟ್ಟುಕೊಂಡು, ಸ್ವೀಕೃತಿ ಬರೆಸಿಕೊಳ್ಳಿ.

ಗುರುವಾರ ಸಂಜೆ ಪಹಣಿ ತೆಗೆದುಕೊಂಡು ಊರಿಗೆ ಹೋದೆ. ಅವ್ವ ಕೈ ಒರೆಸಿಕೊಂಡು ತೆಗೆದುಕೊಂಡಳು. ಎಲ್ಲಿದೆ ಅಂತ ಕೇಳಿದಳು, ತೋರಿಸಿದೆ. ಲ್ಯಾಮಿನೇಷನ್ ಮಾಡಿಸಿಕೊಡು ಅಂದಳು. ಮಾಡಿಕೊಡುತ್ತೇನೆ, ಕಚೇರಿಗೆ ಬೇರೆ ಪ್ರತಿ ತೆಗೆಯೋಣ ಅಂದೆ. ಹಿಂಗಾರಿಗೆ ಕಡಲೆ ಬಿತ್ತಬೇಕು ಅಂತ ಬೀಜದ ಮಾತು ಶುರು ಮಾಡಿದಳು. ಸೋಮವಾರ ಅವಳನ್ನು ರೈತ ಸಂಪರ್ಕ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಎಫ್‌ಐಡಿ ಮಾಡಿಸಬೇಕು. ಆಧಾರ್, ಪಾಸ್‌ಬುಕ್, ಪಹಣಿ ಮೂರನ್ನೂ ಆ ಹಳೇ ಪ್ಲಾಸ್ಟಿಕ್ ಕವರಿನಲ್ಲೇ ಹಾಕಿಟ್ಟಿದ್ದೇನೆ.